ಭಾನುವಾರದ ಕೂಲಿ

ಸೋಮವಾರ, ಮಾರ್ಚ್ ೪

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಎಷ್ಟು ಬೇಕೋ ಅಷ್ಟು ಬೈದುಕೋ. ಕೋರ್ಟಿನ ಕೆಲಸ ಮುಗಿಸಿಯೇ ಬರೆಯೋಣ ಎಂದುಕೊಂಡಿದ್ದೆ. ಮುಗಿಯಿತು. ಅಪೀಲು ಗೆದ್ದೆ ಕಣೇ! ಮಗಳಿಗೆ ವಾರವೆಲ್ಲ ಅಪ್ಪನ ಮನೆ, ಭಾನುವಾರ ಮಾತ್ರ ಅಮ್ಮ ಎಂಬ ಹಳೆಯ ತೀರ್ಪು ರದ್ದಾಯಿತು. ಅವಳು ಈಗ ನನ್ನ ಜೊತೆಗೇ ಇದ್ದಾಳೆ.

"ವಕೀಲರಿಲ್ಲದೆ ಅಪೀಲಾ? ತಲೆ ಕೆಟ್ಟಿದೆಯಾ ಇವಳಿಗೆ?" ಎಂದಿದ್ದರಲ್ಲ ಭಾವ, ಅವರಿಗೆ ಹೇಳು: ತಲೆ ನೆಟ್ಟಗಿತ್ತು, ಕೈ ಖಾಲಿಯಿತ್ತು. ಎಡವಟ್ಟು ಮಾತ್ರ ಬೇಕಾದಷ್ಟು ಮಾಡಿಕೊಂಡೆ. ಅಪೀಲಿನ ಹಾಳೆಗಳನ್ನೆಲ್ಲ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕಿ ಗಟ್ಟಿಯಾಗಿ ಬೈಂಡ್ ಮಾಡಿಕೊಂಡು ಹೋದೆ. ನನ್ನ ಬೈಂಡಿಂಗ್ ಅಂಗಡಿಯ ಮರ್ಯಾದೆ ಹೋಗಬಾರದಲ್ಲ! ಕೋರ್ಟಿನ ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮಾ, ಕಾದಂಬರಿ ತಂದಿದ್ದೀರಾ? ಇದರೊಳಗೆ ನಾವು ಹೊಸ ಹಾಳೆ ಸೇರಿಸೋದು ಹೇಗೆ?" ಅಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ.

ಗೆದ್ದ ಮೇಲೆ ಅದೇ ಗುಮಾಸ್ತರು, "ಖರ್ಚು ಕೇಳಿ ಅರ್ಜಿ ಹಾಕಿ. ವಕೀಲರ ಫೀಸು ಸಿಗಲ್ಲ. ಕೋರ್ಟ್ ಫೀಸು, ಜೆರಾಕ್ಸು, ಕೇಸಿಗೋಸ್ಕರ ಬಿಟ್ಟ ಕೆಲಸದ ಕೂಲಿ ಕೇಳಬಹುದು," ಅಂದರು. ನನಗೋ ಛಲ. ಅವಳಪ್ಪ ಎನ್ನುವ ಆ ದೊಡ್ಡಮನುಷ್ಯ ಮಗುವಿಗಾಗಿ ನನ್ನನ್ನು ಅಷ್ಟು ಅಲೆಸಿದ್ದಾನೆ, ಒಂದು ಕಾಸನ್ನೂ ಬಿಡಬಾರದು ಎಂದು ಹಟಕ್ಕೆ ಬಿದ್ದು ಬರೆದೆ. ಅಪೀಲು ಸಿದ್ಧಪಡಿಸಿದ ಭಾನುವಾರಗಳ ಕೂಲಿಯನ್ನೂ ನಷ್ಟ ಅಂತ ಸೇರಿಸಿಬಿಟ್ಟೆ. ಆಗ ಅಂಗಡಿ ತೆರೆದಿದ್ದರೆ ಕೆಲಸ ಸಿಗುತ್ತಿತ್ತು, ಸುಳ್ಳೇನಲ್ಲ.

ಹೋದ ವಾರ ಆ ಅರ್ಜಿಯ ವಿಚಾರಣೆಯಲ್ಲಿ ಅವನ ವಕೀಲೆ ಎದ್ದು ನಿಂತು, "ಭಾನುವಾರ ಅಂದ್ರೆ ಈಕೆಗೆ ಮಗಳು ಸಿಗ್ತಿದ್ದ ಒಂದೇ ದಿನ. ಅದನ್ನೂ ನಷ್ಟ ಅಂತ ಬರೆದಿದ್ದಾರೆ," ಎಂದು ಜೋರಾಗಿ ಹೇಳಿದಳು. ನ್ಯಾಯಾಧೀಶರು ಅಷ್ಟನ್ನು ಹೊಡೆದುಹಾಕಿ ಉಳಿದ ಖರ್ಚು ಕೊಡಿಸಿದರು. ದುಡ್ಡು ಬಂದ ಕೂಡಲೇ ಮೊದಲು ನಿನ್ನ ಸಾಲ ತೀರಿಸುತ್ತೇನೆ.

ಯಾಕಾದರೂ ಬರೆದೆನೋ! ಆ ಭಾನುವಾರಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ ಅಕ್ಕ? ಅಂಗಡಿಯಲ್ಲಿ ಕಾಗದ ಕತ್ತರಿಸುವ ಮೇಜಿನ ಮೇಲೆ ಮಗಳು ಕಾಲು ಇಳಿಬಿಟ್ಟು ಕೂತು ಅಪೀಲಿನ ಒಂದೊಂದು ಹಾಳೆಗೂ ಪುಟಸಂಖ್ಯೆ ಹಾಕುತ್ತಿದ್ದಳು. ಅಂಕಿ ದುಂಡಗೆ ಬರಲೆಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅಂಟು ಮೆತ್ತಿದ ಕೈಯಲ್ಲೇ ನನ್ನ ಕೆನ್ನೆ ಹಿಂಡಿ ನಗುತ್ತಿದ್ದಳು. ಅವಳು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಎಂದೋ ಕೈಚೆಲ್ಲಿ ಕೂರುತ್ತಿದ್ದೆ.

ಭಾವನ ಮಂಡಿನೋವು ಬೇಗ ಇಳಿಯಲಿ. ನಿನ್ನ ಮಕ್ಕಳು ನೂರು ಕಾಲ ಸುಖವಾಗಿರಲಿ. ನನಗೂ ಒಂದಿಷ್ಟು ಬುದ್ಧಿ ಬರಲೆಂದು ಹರಸು.

ನಿನ್ನ ಹಟಮಾರಿ ತಂಗಿ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ವಿಚಾರಣೆಯ ದಿನ ಮಗಳನ್ನು ನೋಡಿಕೊಳ್ಳಲು ಯಾರೂ ಸಿಗಲಿಲ್ಲ, ಜೊತೆಗೇ ಕರೆದುಕೊಂಡು ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ನಿನ್ನೆ ಭಾನುವಾರ. ಅಂಗಡಿಗೆ ಬೀಗ ಹಾಕಿ ಬಂದು ಅವಳ ಪಕ್ಕ ಕೂತೆ. ಪುಸ್ತಕದಿಂದ ತಲೆಯೆತ್ತದೆ ಹೇಳಿದಳು:

"ನೀನು ಕೆಲಸಕ್ಕೆ ಹೋಗಮ್ಮಾ. ನಷ್ಟ ಆಗುತ್ತೆ."