ಹಲ್ಲುಪುಡಿಯವನು ಬರೆದ ಎರಡು ಶಿಫಾರಸು ಪತ್ರಗಳು

ದಂತ ಮಹಾವಿದ್ಯಾಲಯದ ಉಚಿತ ಸೀಟು ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಮಿತಿ ನನ್ನ ಮಗಳು ಗೀತಾಂಜಲಿಯ ಅರ್ಜಿಯನ್ನು ತಿರಸ್ಕರಿಸಿದೆ. ಕಾರಣವನ್ನೂ ಕೊಟ್ಟಿದ್ದೀರಿ: "ಲಗತ್ತಿಸಿದ ಎರಡೂ ಶಿಫಾರಸು ಪತ್ರಗಳು ಒಬ್ಬನೇ ವ್ಯಕ್ತಿ ಬರೆದಂತೆ ತೋರುತ್ತಿದ್ದು, ಅವು ಅಭ್ಯರ್ಥಿಯ ಕುರಿತಾಗಿವೆಯೋ ಯಾವುದಾದರೂ ಉತ್ಪನ್ನದ ಕುರಿತಾಗಿವೆಯೋ ಸ್ಪಷ್ಟವಾಗುತ್ತಿಲ್ಲ." ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಎರಡನ್ನೂ ಬರೆದವನು ನಾನೇ. ನನ್ನ ತಕರಾರು ಇಷ್ಟೇ: ಕಳ್ಳನನ್ನು ಸರಿಯಾಗಿ ಗುರುತಿಸಿ, ಶಿಕ್ಷೆಯನ್ನು ಮಾತ್ರ ಅವನ ಪಕ್ಕ ನಿಂತಿದ್ದವಳಿಗೆ ಕೊಟ್ಟಿದ್ದೀರಿ.

ಇದನ್ನು ನಿಮ್ಮ ಕಚೇರಿಗೇ ಕಳಿಸಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಎಂದು ಕೇಳುತ್ತೀರಿ. ಕಚೇರಿಗೆ ಫೋನ್ ಮಾಡಿದರೆ ಮೇಲ್ ಮಾಡಿ ಅನ್ನುತ್ತಾರೆ, ಮೇಲ್ ಮಾಡಿದರೆ ಖುದ್ದಾಗಿ ಬನ್ನಿ ಎಂದು ಉತ್ತರ ಬರುತ್ತದೆ, ಖುದ್ದಾಗಿ ಹೋದರೆ ಫೋನ್ ಮಾಡಿ ಬರಬೇಕಿತ್ತು ಅನ್ನುತ್ತಾರೆ. ಇನ್ನೊಂದು ಕಾರಣವೂ ಇದೆ. ಈ ಪತ್ರದಲ್ಲಿ ನಿಮಗಿಂತ ಹೆಚ್ಚಾಗಿ ನನ್ನ ಗಿರಾಕಿಗಳು ಓದಬೇಕಾದ ಸಂಗತಿ ಇದೆ. ಅದು ಮುಂದೆ ಬರುತ್ತದೆ.

ನಾನು ಯಾರೆಂದರೆ, ಹುನಗುಂದದ ಹಲ್ಲುಪುಡಿ ಗಾಳೆಪ್ಪ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಇಪ್ಪತ್ತಾರು ವರ್ಷಗಳಿಂದ ಹುನಗುಂದ, ಇಳಕಲ್, ಬಾದಾಮಿಯ ಸಂತೆಗಳಲ್ಲಿ, ಮಹಾಕೂಟಕ್ಕೆ ಜನ ಬರುವ ದಿನಗಳಲ್ಲಿ, ಕೊರಳಿಗೆ ಮೈಕು ನೇತುಹಾಕಿಕೊಂಡು "ಮುತ್ತಿನ ಸಾಲು" ಎಂಬ ಹಲ್ಲುಪುಡಿ ಮಾರುತ್ತ ಬಂದಿದ್ದೇನೆ. ಆ ಪುಡಿಯನ್ನು ಕಂಡುಹಿಡಿದವನೂ ನಾನೇ. ಸುಟ್ಟ ಭತ್ತದ ಹೊಟ್ಟು, ಉಪ್ಪು, ಲವಂಗ, ಬಣ್ಣಕ್ಕೆ ಒಂದಿಷ್ಟು ಹಂಚಿನ ಪುಡಿ. ತಿಕ್ಕಿದರೆ ಪಾತ್ರೆ ಬೆಳಗುತ್ತದೆ, ಹಲ್ಲು ಯಾಕೆ ಬೆಳಗಬಾರದು ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಸಂಶೋಧನೆ ಅದು. ಸಂತೆಯಲ್ಲಿ ಬಾಯಿ ಅಗಲಿಸಿ "ನೋಡ್ರಿ, ಐವತ್ತೆರಡು ವರ್ಷದ ಬಾಯಿ ಇದು" ಎಂದು ನಾನು ತೋರಿಸುವ ಆ ಹೊಳೆಯುವ ಮೇಲಿನ ಸಾಲು ಕಟ್ಟಿಸಿಕೊಂಡ ಹಲ್ಲು. ಬಹಳ ವರ್ಷ ಇದು ನನ್ನ ಹೆಂಡತಿ ಶಿವಲಿಂಗವ್ವನೊಬ್ಬಳಿಗೇ ಗೊತ್ತಿತ್ತು. ಹಲ್ಲು ಬೀಳಿಸಿದ್ದು ಯಾವುದು ಎಂದು ಆಕೆ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಇಂಥವನ ಮಗಳು ಹಲ್ಲಿನ ಡಾಕ್ಟರ್ ಆಗುತ್ತೇನೆ ಎಂದಳು. ನೀಟ್ ಬರೆದಳು, ಅಂಕ ತಂದಳು. ಕಾಲೇಜಿನ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ನಿಮ್ಮ ಟ್ರಸ್ಟಿನ ಉಚಿತ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಇಲ್ಲ. ಆ ಸೀಟಿಗೆ ಅಂಕವೊಂದೇ ಸಾಲದು ಎಂದು ನಿಮ್ಮ ನಿಯಮ ಹೇಳುತ್ತದೆ. ದಂತವೈದ್ಯರ ಪಕ್ಕ ನಿಂತು ಅರವತ್ತು ತಾಸು ಕೆಲಸ ನೋಡಿರಬೇಕು. ಮೇಲಾಗಿ, ಸಂಬಂಧಿಕರಲ್ಲದ, ಅಭ್ಯರ್ಥಿಯ ಆಯ್ಕೆಯಿಂದ ಯಾವುದೇ ಲಾಭವಿಲ್ಲದ ಇಬ್ಬರಿಂದ ಶಿಫಾರಸು ಪತ್ರ ತರಬೇಕು. ಓದುವುದಕ್ಕೆ ಎಷ್ಟು ಚೆಂದ! ತಮ್ಮ ಬೆನ್ನ ಹಿಂದೆ ಒಂದು ಹುಡುಗಿ ಬಂದು ನಿಲ್ಲಲೆಂದು ಓಣಿಗೊಬ್ಬ ದಂತವೈದ್ಯರು ಕಾಯುತ್ತ ಕೂತಿದ್ದಾರೆ ಎಂದು ನಿಮ್ಮ ಸಮಿತಿ ಭಾವಿಸಿದಂತಿದೆ.

ಮೊದಲು ಬಾಗಲಕೋಟೆಗೆ ಹೋದೆವು. ನವನಗರದಲ್ಲಿ ಸೆಕ್ಟರ್ ನಂಬರು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಕೊನೆಗೆ ಒಂದು ದವಾಖಾನೆಯ ಮೇಜಿನ ಮುಂದೆ ನಿಂತೆವು.

"ಯಾರ ಹಲ್ರಿ?" ಎಂದಳು ಅಲ್ಲಿದ್ದ ಹುಡುಗಿ.

"ಯಾರದೂ ಅಲ್ರಿ. ನಮ್ಮ ಮಗಳು ನೋಡಬೇಕಂತಾಳ."

"ಏನ್ ನೋಡಬೇಕ್ರಿ?"

"ಮಂದಿ ಹಲ್ಲು."

ಆಕೆ ನನ್ನ ಮುಖವನ್ನು ಒಂದು ಸಲ, ಮಗಳ ಮುಖವನ್ನು ಒಂದು ಸಲ ನೋಡಿ, "ಕುಂದರ್ರಿ, ಕರೀತಾರ" ಎಂದಳು. ಎರಡು ತಾಸಿನ ಮೇಲೆ ಕರೆದರು. ಗಡಿಬಿಡಿಯಲ್ಲಿದ್ದ ಡಾಕ್ಟರು ನನ್ನನ್ನೇ ಕುರ್ಚಿಯಲ್ಲಿ ಮಲಗಿಸಿ, ದೀಪ ಹಚ್ಚಿ, ಬಾಯಿ ತೆಗೆಸಿದರು. ಬಂದ ಕೆಲಸ ಹೇಳುವಷ್ಟರಲ್ಲಿ ನನ್ನ ಮೇಲಿನ ಸಾಲು ಅವರ ಕೈಯಲ್ಲಿತ್ತು. ಗೀತಾ ನೋಡಿದಳು. ಹೊರಗೆ ಬಂದ ಮೇಲೆ, "ಅಪ್ಪಾ, ಇದನ್ನ ಐದ್ ಮಿನಿಟ್ ಅಂತ ಹಿಡೀಲ್ಯಾ, ಹತ್ತು ಹಿಡೀಲ್ಯಾ?" ಎಂದಳು. ಅರವತ್ತು ತಾಸಿನ ಲೆಕ್ಕ ಶುರುವಾದದ್ದು ಹೀಗೆ. ಆ ಡಾಕ್ಟರು ಮಾತ್ರ, ಹೊರಗಿನವರು ನಿಂತರೆ ರೋಗಿಗಳು ಮುಜುಗರ ಪಡುತ್ತಾರೆ ಎಂದು ಕೈ ಮುಗಿದರು.

ಬಾದಾಮಿಯಲ್ಲಿ ಒಬ್ಬರು ಒಪ್ಪಿದರು. ಆದರೆ ಅವರು ವಾರಕ್ಕೊಂದು ದಿನ ಬರುವವರು, ಬಂದ ದಿನ ಮೂರು ತಾಸು ಇರುವವರು. ಅರವತ್ತು ತಾಸಿಗೆ ಇಪ್ಪತ್ತು ವಾರ ಬೇಕು. ನಿಮ್ಮ ಕೊನೆಯ ದಿನಕ್ಕೆ ಉಳಿದದ್ದು ಐದು ವಾರ. ಇಂಥ ಲೆಕ್ಕ ನನಗೆ ಬಾಯಲ್ಲೇ ಬರುತ್ತದೆ. ನಿಯಮ ಮಾಡುವವರಿಗೂ ಬರಬೇಕಿತ್ತು.

ಕಡೆಗೆ ಬಾಗಿಲು ತೆರೆದವರು ಇಳಕಲ್ಲಿನ ಡಾಕ್ಟರ್ ಆಫ್ರೀನ. ನನ್ನನ್ನು ನೋಡಿದವರೇ ಗುರುತು ಹಿಡಿದರು.

"ನೀವು ಸಂತ್ಯಾಗ ಹಲ್ಲುಪುಡಿ ಮಾರೋರಲ್ರಿ?"

"ಹೌದ್ರಿ ಮೇಡಂ."

"ನಿಮ್ಮಿಂದ ನನಗ ಪೇಷಂಟ್ ಭಾಳ ಬರ್ತಾರ."

ಇದನ್ನು ನಾನು ಹೊಗಳಿಕೆ ಎಂದು ತಿಳಿದು, ಎದೆಯ ಮೇಲೆ ಕೈಯಿಟ್ಟು, "ಎಲ್ಲಾ ನಿಮ್ಮ ಆಶೀರ್ವಾದರಿ" ಎಂದೆ. ಅವರು ಮಗಳ ಕಡೆ ತಿರುಗಿದರು. "ನಾಳಿಯಿಂದ ಬಾ. ಆ ಮೂಲ್ಯಾಗ ನಿಂದರಬೇಕು. ನಾ ಕೇಳಿದ್ರಷ್ಟ ಮಾತು. ಮತ್ತ, ನಿಮ್ಮ ಅಪ್ಪಾರು ಒಳಗ ಬರಂಗಿಲ್ಲ."

ಗೀತಾ ದಿನಾಲು ಬಸ್ಸಿಗೆ ಹೋದಳು. ಅರವತ್ತು ಕೇಳಿದ್ದಿರಿ, ಅರವತ್ನಾಲ್ಕು ತಾಸು ನಿಂತಳು. ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಕೂಡುತ್ತಿದ್ದಳು. ಅಲ್ಲಿಯವರೆಗೆ ನನ್ನ ಪುಡಿಯನ್ನು ಸೋಸಿಕೊಡುತ್ತಿದ್ದವಳು ಆಕೆಯೇ. ಎರಡನೇ ವಾರದಿಂದ ಜರಡಿ ಮುಟ್ಟಲಿಲ್ಲ. ಕೇಳಿದರೆ "ಓದೂದೈತಿ" ಅನ್ನುತ್ತಿದ್ದಳು. ಎಂಥ ಶ್ರದ್ಧೆ ಎಂದು ನಾನು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದೆ.

ಇನ್ನು ಶಿಫಾರಸು ಪತ್ರಗಳು. ಆಕೆಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಪಂಢರೀನಾಥ ಮಾಸ್ತರರು ನಿವೃತ್ತರಾಗಿ ಬಾದಾಮಿಯಲ್ಲಿದ್ದಾರೆ. ಅವರೆಂದರು, "ಗಾಳೆಪ್ಪಾ, ನನಗ ಈಗ ಅಕ್ಷರ ಕಾಣಂಗಿಲ್ಲೋ. ನೀನ ಬರಕೊಂಡ್ ಬಾ, ನಾ ಸಹಿ ಮಾಡ್ತೇನಿ. ನಿನಗ ಮಾತೇನ್ ಕಡಿಮಿ?" ಡಾಕ್ಟರ್ ಆಫ್ರೀನ ತಾವೇ ಬರೆಯುತ್ತೇನೆ, ಎರಡು ದಿನ ಕೊಡಿ ಎಂದರು. ನಾನು ಒಂದು ದಿನವನ್ನೂ ಕೊಡಲಿಲ್ಲ. ಕೊನೆಯ ದಿನ ಹತ್ತಿರ ಬಂತೆಂದು ನಾನೇ ಬರೆದು, ಅವರು ಒಬ್ಬರ ದವಡೆ ಹಲ್ಲು ಕೀಳುವ ಗಡಿಬಿಡಿಯಲ್ಲಿದ್ದಾಗ ಕಾಗದ ಮುಂದೆ ಹಿಡಿದೆ. ಓದದೆ ಸಹಿ ಮಾಡಿದ್ದು ಅವರ ತಪ್ಪಲ್ಲ. ಕೀಳಿಸಿಕೊಳ್ಳುತ್ತಿದ್ದವನ ಕೂಗು ಜೋರಿತ್ತು.

"ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎಂಬ ಮಾತು ಕೇಳದೆ ಈ ರಾಜ್ಯದಲ್ಲಿ ಯಾರಾದರೂ ಶಿಫಾರಸು ಪತ್ರ ಪಡೆದಿದ್ದರೆ ದಯವಿಟ್ಟು ಕೈ ಎತ್ತಲಿ. ನಿಮ್ಮ ಸಮಿತಿಯಲ್ಲಿ ಎಷ್ಟು ಕೈ ಏಳುತ್ತವೆ, ಅಧ್ಯಕ್ಷರೇ? ಪದ್ಧತಿ ಎಲ್ಲರದೂ ಒಂದೇ. ನನ್ನ ದುರದೃಷ್ಟ ಏನೆಂದರೆ, ನನಗೆ ಬರೆಯಲು ಬರುವುದು ಒಂದೇ ಬಗೆಯ ಬರಹ. ಇಪ್ಪತ್ತಾರು ವರ್ಷ ಹಲ್ಲುಪುಡಿಯ ಕರಪತ್ರ ಬರೆದ ಕೈ ಇದು. ಅದರಲ್ಲಿ ಅಚ್ಚಾದ "ಸಂತುಷ್ಟ ಗ್ರಾಹಕರ ಅಭಿಪ್ರಾಯ"ಗಳೂ ನನ್ನವೇ. ಹೀಗಾಗಿ ಮಾಸ್ತರರು ನನ್ನ ಮಗಳ ಬಗ್ಗೆ, "ಹಲವು ವಿದ್ಯಾರ್ಥಿಗಳನ್ನು ಬಳಸಿ ನೋಡಿದ್ದೇನೆ, ಇಂಥ ಫಲಿತಾಂಶ ಬೇರೆಲ್ಲೂ ಸಿಕ್ಕಿಲ್ಲ" ಎಂದು ಹೇಳಿದಂತಾಯಿತು. ಡಾಕ್ಟರ್ ಆಫ್ರೀನ, "ಒಮ್ಮೆ ಉಪಯೋಗಿಸಿದರೆ ನೀವೇ ಇತರರಿಗೆ ಹೇಳುವಿರಿ, ಮಕ್ಕಳಿಗೂ ವೃದ್ಧರಿಗೂ ಸುರಕ್ಷಿತ" ಎಂದಂತಾಯಿತು. "ನಕಲಿಗಳಿಂದ ಎಚ್ಚರಿಕೆ" ಎಂಬ ಸಾಲನ್ನು ಎರಡರಲ್ಲೂ ಕೊನೆಗೆ ಹಾಕಿದ್ದೆ. ಬರೆದಾಗ ಬಹಳ ತೂಕದ ಮಾತು ಅನ್ನಿಸಿತ್ತು.

ನಿಮ್ಮ ತಿರಸ್ಕಾರದ ಪತ್ರ ಬಂದ ದಿನ ಗೀತಾ ಅದನ್ನು ಎರಡು ಸಲ ಓದಿದಳು. ಅಳಲಿಲ್ಲ, ಕೂಗಲಿಲ್ಲ.

"ಅಪ್ಪಾ, ನನ್ನೂ ಡಬ್ಬಿಗೆ ತುಂಬಿ ಮಾರಾಕ ಹೋದಿ."

"ನಿನ್ನ ಚಲೋದಕ್ಕ ಬರದೆವ್ವಾ," ಎಂದೆ.

"ಬರಿಯೂದು ನಾನೂ ಬರದಿದ್ದೆ. ಇದನ್ನ ಯಾರೂ ಕೇಳಲಿಲ್ಲ," ಎಂದು ಆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಶಿವಲಿಂಗವ್ವ ಒಲೆಯ ಕಡೆಯಿಂದ, "ಮೈಕ್ ಬಂದ್ ಮಾಡಿ ಅದನ್ನಷ್ಟು ಓದ್ರಿ" ಎಂದಳು.

ಓದಿದೆ. ಲೆಕ್ಕದ ಮನುಷ್ಯನಾದ್ದರಿಂದ ನನಗೆ ಮೊದಲು ಕಂಡದ್ದು ಅದರ ಅಚ್ಚುಕಟ್ಟು. ತೊಂಬತ್ತೇಳು ರೋಗಿಗಳು. ಯಾರ ಹೆಸರೂ ಇಲ್ಲ. ವಯಸ್ಸು, ಊರು, ಯಾವ ಹಲ್ಲು, ಡಾಕ್ಟರು ಏನು ಮಾಡಿದರು, ರೋಗಿ ಯಾವಾಗ ಹೆದರಿದ, ಯಾವ ಮಾತಿಗೆ ಹೆದರಿಕೆ ಇಳಿಯಿತು. ಕೊನೆಯಲ್ಲಿ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದ್ದಳು: ಯಾವುದರಿಂದ ಹಲ್ಲು ತಿಕ್ಕುತ್ತಾರೆ. ಅದರಲ್ಲಿ ಇಪ್ಪತ್ತೊಂದು ಕಡೆ ನನ್ನ ಪುಡಿಯ ಹೆಸರಿತ್ತು. ಆ ಇಪ್ಪತ್ತೊಂದರಲ್ಲಿ ಹದಿನೇಳು ಮಂದಿಗೆ ಒಂದೇ ತೊಂದರೆ: ವಸಡಿನ ಹತ್ತಿರ ಹಲ್ಲು ಸವೆದು ಗೀರು ಬಿದ್ದಿದೆ, ತಣ್ಣೀರು ತಾಗಿದರೆ ಜೀವ ಹೋಗುತ್ತದೆ.

ಎರಡನೇ ವಾರದ ಒಂದು ಪುಟ ಉದ್ದವಾಗಿತ್ತು. ವಯಸ್ಸು ನಲವತ್ತೈದು, ಊರು ಐಹೊಳೆ, ಹನ್ನೆರಡು ವರ್ಷದಿಂದ ಅದೇ ಪುಡಿ. ಓದಿದೊಡನೆ ಗೊತ್ತಾಯಿತು, ಟ್ರ್ಯಾಕ್ಟರ್ ಓಡಿಸುವ ನನ್ನ ಹಳೆಯ ಗಿರಾಕಿ ಹುಲ್ಲಪ್ಪ. ಅವನು ಡಾಕ್ಟರಿಗೆ ಹೇಳಿದ್ದನ್ನು ಹಾಗೇ ಬರೆದಿದ್ದಳು: "ಗಾಳೆಪ್ಪನ ಪುಡಿ ಭಾಳ ಚಲೋರಿ. ಹಲ್ಲು ನೋವು ಸುರು ಆದಿಂದ ದಿನಕ್ಕ ಎರಡು ಸಲ ತಿಕ್ಕಾಕ ಹತ್ತೇನಿ." ಅದರ ಕೆಳಗೆ ಹೀಗಿತ್ತು: "ನಾನು ಮಾತಾಡಬಾರದಿತ್ತು. ಮಾತಾಡಿದೆ. 'ಅಣ್ಣಾ, ಇವತ್ತ ಬಿಟ್ಟುಬಿಡ್ರಿ ಅದನ್ನ. ಅದರಾಗ ಹಂಚಿನ ಪುಡಿ ಐತಿ. ನಾನ ಸೋಸಿ ಕೊಡ್ತೇನಿ ಮನ್ಯಾಗ,' ಅಂದೆ. ಮೇಡಂ ನನ್ನನ್ನು ನೋಡಿದರು. ಬೈಯಲಿಲ್ಲ. ಮೂಲೆಯಿಂದ ಕರೆದು ಕುರ್ಚಿಯ ಹತ್ತಿರ ನಿಲ್ಲಿಸಿಕೊಂಡರು."

"ನಿಮ್ಮಿಂದ ಪೇಷಂಟ್ ಭಾಳ ಬರ್ತಾರ" ಎಂಬ ಮಾತಿನ ಅರ್ಥ ನನಗೆ ಆಗ ಆಯಿತು, ಅಧ್ಯಕ್ಷರೇ. ಆಶೀರ್ವಾದ ಬೇರೆ ಬೇಡಿದ್ದೆ.

ಹುನಗುಂದದ ಹೋದ ಸಂತೆಯಲ್ಲಿ ನಾನು ಮೈಕಿಲ್ಲದೆ, ಡಬ್ಬಿಗಳಿಲ್ಲದೆ ನನ್ನ ಜಾಗದಲ್ಲಿ ಕೂತಿದ್ದೆ. ಕೇಳಿ ಬಂದವರಿಗೆಲ್ಲ ಕೊಡುವುದಿಲ್ಲ, ಬಿಡಿ ಎನ್ನುತ್ತಿದ್ದೆ. ಮಾರುವುದಕ್ಕಿಂತ ಬೇಡವೆನ್ನಲು ಹೆಚ್ಚು ಮಾತು ಬೇಕಾಗುತ್ತದೆಂದು ಅಂದು ತಿಳಿಯಿತು. ಹುಲ್ಲಪ್ಪನೂ ಬಂದ.

"ಏನಲೇ ಗಾಳೆಪ್ಪಾ, ಅಂಗಡಿ ಎತ್ತಿದಿ?"

"ಮಗಳು ಎತ್ತಿಸಿದ್ಲು."

"ಆಕಿ ನನಗೂ ಹೇಳಿದ್ಲು, ಬಿಟ್ಟೆ. ಈಗ ತಣ್ಣೀರ ಕುಡೀತೇನಿ ನೋಡು." ಆಮೇಲೆ ಕೇಳಿದ, "ಡಾಕ್ಟರ್ ಆಗ್ಯಾಳೇನು ಆಕಿ?"

"ಇಲ್ಲ. ಅರ್ಜಿ ವಾಪಸ್ ಬಂತು."

"ಯಾಕಲೇ?"

"ನಾ ಬರದ ಚೀಟಿಗೆ."

ಹುಲ್ಲಪ್ಪ ಬಹಳ ಹೊತ್ತು ನಕ್ಕ. ಆಮೇಲೆ ನಗು ನಿಲ್ಲಿಸಿ, "ನಿನ್ನ ಮಾತು ಅವರೂ ನಂಬಲಿಲ್ಲಂದ್ರ ಅವರು ಶಾಣ್ಯಾರ ಅದಾರ. ಹಂಗಾರ ಆಕಿ ಮಾತು ಕೇಳಾಕ ಏನಾಗೇತಿ ಅವರಿಗೆ?" ಎಂದ.

ಅದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಆ ಎರಡು ಪತ್ರಗಳನ್ನು ಹರಿದುಹಾಕಿ. ನಾನು ಕ್ಷಮೆ ಕೇಳಲು ಹೋದಾಗ ಮಾಸ್ತರರೂ ಅದನ್ನೇ ಹೇಳಿದರು. ಡಾಕ್ಟರ್ ಆಫ್ರೀನ ಈಗ ತಮ್ಮ ಕೈಯಾರೆ ಬರೆದು, ಲಕೋಟೆ ಅಂಟಿಸಿ, ನನಗೆ ಕೊಡದೆ ನೇರ ನಿಮಗೇ ಅಂಚೆಗೆ ಹಾಕಿದ್ದಾರೆ. ಗೀತಾ ಹೇಳಿದಂತೆ ಮೂರೇ ಸಾಲು: "ಮಾತಾಡಬೇಡ ಎಂದಿದ್ದೆ. ಒಂದೇ ಸಲ ಮಾತಾಡಿದಳು. ನಾನು ಹೇಳಬೇಕಾದದ್ದನ್ನೇ ಹೇಳಿದಳು." ಎರಡನೆಯ ಪತ್ರ ಇದು, ನೀವು ಓದುತ್ತಿರುವುದು. ಸಂಬಂಧಿಕ ಬರೆಯಬಾರದು ಎಂಬ ನಿಯಮ ನನಗೆ ಗೊತ್ತು. ಆದರೆ ಆಕೆಯ ಆಯ್ಕೆಯಿಂದ ಲಾಭವಿಲ್ಲದವನು ಬೇಕು ಎಂದೂ ನೀವೇ ಬರೆದಿದ್ದೀರಿ. ಅವಳು ಡಾಕ್ಟರ್ ಆಗುವ ಮೊದಲೇ ನನ್ನ ಧಂದೆ ಮುಗಿಸಿದ್ದಾಳೆ. ನನಗಿಂತ ಲಾಭವಿಲ್ಲದವನನ್ನು ಈ ಜಿಲ್ಲೆಯಲ್ಲಿ ಹುಡುಕಿಕೊಡಿ.

ತಿಂಗಳ ಕೊನೆಗೆ ಸೀಟು ಬೇರೆಯವರ ಪಾಲಾಗುತ್ತದೆ. ಅಷ್ಟರೊಳಗೆ ಆ ಹುಡುಗಿಯನ್ನು ಒಮ್ಮೆ ಕರೆಯಿರಿ, ನೋಟ್‌ಬುಕ್ ತರಲು ಹೇಳಿ, ಯಾವ ಪುಟ ಬೇಕಾದರೂ ತೆರೆದು ಕೇಳಿ. ಅದರಲ್ಲಿ ಅವಳು ತೀರಾ ಮೊದಲು ಬರೆದಿಟ್ಟದ್ದು ಹತ್ತು ನಿಮಿಷ, ಬಾಗಲಕೋಟೆ, ಐವತ್ತೆರಡು ವರ್ಷದ ಗಂಡಸು, ಮೇಲಿನ ಸಾಲು. ಅದರ ಕೆಳಗೆ ಕಾರಣ ಎಂದು ಆಮೇಲೆ ನನ್ನ ಪುಡಿಯ ಹೆಸರು ಸೇರಿಸಿದ್ದಾಳೆ. ಅಪ್ಪನೆಂದು ರಿಯಾಯಿತಿ ತೋರಿಸಿಲ್ಲ.

ಇಂತಿ,
ಸಹಿ ಹಾಕಲು ಮೊದಲ ಸಲ ಹೆದರುತ್ತಿರುವ,
ಗಾಳೆಪ್ಪ, ಹುನಗುಂದ
"ಮುತ್ತಿನ ಸಾಲು" ಹಲ್ಲುಪುಡಿಯ ಸಂಶೋಧಕ, ಕರಪತ್ರ ಲೇಖಕ ಮತ್ತು ರೋಗಿ ಸಂಖ್ಯೆ ಒಂದು