ಆರ್ಡಿಸ್ ಮನೆಯ ಹಿಂದಿನ ಕೋಣೆ

ಏಪ್ರಿಲ್ 9, ಬುಧವಾರ

ಬೆಳಿಗ್ಗೆಯಿಂದ ಡ್ವೇನ್ ಆರ್‌ವಿಯ — ನಮ್ಮ ಮನೆಬಂಡಿಯ — ಅಡಿಯಲ್ಲೇ ಬಿದ್ದಿದ್ದಾನೆ. ಪೈಪು ಒಡೆಯದಿರಲೆಂದು ಚಳಿಗಾಲಕ್ಕೆ ತುಂಬಿದ್ದ ಆಂಟಿಫ್ರೀಜ್ ಹೊರಗೆ ಹೋಗಬೇಕು. ನಾನು ಒಳಗೆ ನಲ್ಲಿ ತಿರುಗಿಸಬೇಕು, ಅವನು ಹೊರಗಿನಿಂದ ಕೂಗಬೇಕು. ಮದುವೆಯಾಗಿ ನಲವತ್ತಾರು ವರ್ಷ — ಕೂಗುವುದು ಅವನು, ತಿರುಗಿಸುವುದು ನಾನು.

ಬಂಡಿಯ ಮುಂದಿನ ಖಾನೆಯಲ್ಲಿ ಇಲಿ ಗೂಡು ಕಟ್ಟಿದೆ. ಅಯೋವಾದ ನಕ್ಷೆಯನ್ನು ಪೂರ್ತಿ ಚೂರು ಮಾಡಿ ಹಾಸಿಕೊಂಡಿದೆ. ನಮ್ಮ ಮಿನ್ನೆಸೋಟದ್ದನ್ನು ಮುಟ್ಟಿಲ್ಲ.

"ಇಲಿಗೂ ಗೊತ್ತು ಕಣೇ, ನಮ್ಮೂರಲ್ಲಿ ನೋಡೋಕೆ ಏನೂ ಇಲ್ಲ ಅಂತ" ಅಂದ ಡ್ವೇನ್.

ಮಧ್ಯಾಹ್ನದ ಟಪಾಲಿನಲ್ಲಿ ಆರ್ಡಿಸ್‌ಳ ಈಸ್ಟರ್ ಕಾರ್ಡು. ಅಕ್ಕನ ಕಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಸಹಿ ಬಿಟ್ಟರೆ ಒಂದಕ್ಷರ ಇರುವುದಿಲ್ಲ. ಈ ಸಲ ಕೆಳಗೆ ಎರಡು ಸಾಲು. ಮನೆ ಮಾರಿದಳಂತೆ. ಜೂನ್ ಒಂದರಿಂದ ಒಂದೇ ಕೋಣೆಯ ಅಪಾರ್ಟ್‌ಮೆಂಟಂತೆ.

ಸೀಡರ್ ರ‍್ಯಾಪಿಡ್ಸ್‌ನ ಆ ಮನೆಗೆ, ಅಯೋವಾಕ್ಕೇ, ನಾನು ಕಾಲಿಟ್ಟು ಹನ್ನೊಂದು ವರ್ಷ. ಜೂನ್ ಬಂದರೆ ಇಡುತ್ತೇನೆಂದರೂ ಮನೆಯೇ ಇರುವುದಿಲ್ಲ...

ಕಾರ್ಡನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ತೆಗೆದೆ. ಮತ್ತೆ ಅಂಟಿಸಿದೆ.

ಏಪ್ರಿಲ್ 10

ಡ್ವೇನ್ ಕಾರ್ಡು ಓದಿದ. ಊಟದ ನಡುವೆ ಶುರು ಮಾಡಿದ. "ಈ ವರ್ಷದ ಮೊದಲ ಟ್ರಿಪ್ ಅಲ್ಲಿಗೇ ಇಟ್ಕೊಳ್ಳೋಣ. ಮೇ ಒಂಬತ್ತಕ್ಕೆ ಹೊರಡೋದು, ಮೂರು ದಿನ. ಅವಳ ಮನೆ ಮುಂದೇನೇ ಬಂಡಿ ನಿಲ್ಸಿದ್ರಾಯ್ತು. ನಮ್ಮ ಮಂಚ, ನಮ್ಮ ಕಕ್ಕಸು, ನಮ್ಮ ಕಾಫಿ. ಅವಳಿಗೆ ಒಂದು ಚಮಚ ತೊಳೆಯೋ ಕೆಲಸಾನೂ ಇಲ್ಲ."

ಚೆನ್ನಾಗಿದೆ ಅನ್ನಿಸಿತು. ಎದೆ ಗಟ್ಟಿ ಮಾಡಿಕೊಂಡು ಫೋನ್ ಮಾಡಿದೆ. ಹವಾಮಾನ ಹತ್ತು ನಿಮಿಷ. ಅಲ್ಲೂ ಗಾಳಿಯಂತೆ. ಇಲ್ಲೂ ಗಾಳಿ ಅಂದೆ. ಆಮೇಲೆ ವಿಷಯ.

"ಬನ್ನಿ, ಬರೋದಾದ್ರೆ" ಅಂದಳು.

"ಬಂಡೀಲೇ ಮಲಗ್ತೀವಿ. ನಿನಗೇನೂ ತೊಂದ್ರೆ ಕೊಡಲ್ಲ."

"ಹಿಂದಿನ ಕೋಣೆ ಖಾಲೀನೇ ಇದೆ."

"ಬೇಡ ಬೇಡ, ನೀನು ಸಾಮಾನು ಕಟ್ಟೋ ಗಲಾಟೇಲಿರ್ತೀಯ."

"ಸರಿ ಹಾಗಾದ್ರೆ."

ಫೋನ್ ಇಟ್ಟಮೇಲೆ ನೋಡಿದರೆ ಇಷ್ಟು ಹೊತ್ತೂ ನಿಂತೇ ಮಾತಾಡಿದ್ದೆ. ಅರವತ್ತೆಂಟು ವಯಸ್ಸಿಗೆ ಈ ಅವತಾರ.

ಏಪ್ರಿಲ್ 13, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಕೆಟಲ್ ಹಿಡಿದವಳು ಕೇಳಿದಳು, ಬೇಡ ಅಂದೆ. ಮತ್ತೆ ಕೇಳಿದಳು, ಇಲ್ಲ ಇಲ್ಲ, ಬೇರೆಯವರಿಗಿರಲಿ ಅಂದೆ. ಮೂರನೇ ಸಲ ಕೇಳಿದಾಗ — ಸರಿ, ಅರ್ಧ ಕಪ್ ಹಾಕು ಅಂದೆ. ಪೂರ್ತಿ ಹಾಕಿದಳು. ನಮ್ಮ ಕಡೆ ಹೀಗೇ. ಎರಡು ಸಲದ ಬೇಡ, ಬೇಡ ಅಲ್ಲ. ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಆ ಕಪ್ಪು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಇದೇ ನೆಲಮಾಳಿಗೆಯಲ್ಲಿ ಅಮ್ಮ ಮಣ್ಣಾದ ದಿನದ ಊಟ. ಫೆಬ್ರವರಿ. ಊಟ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬಂದರು. ಆರ್ಡಿಸ್ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಹಿಮ ಬರೋ ಹಾಗಿದೆ, ಇಲ್ಲೇ ಇರು ಅಂದೆ. ಬೇಡ, ಮನೆ ತುಂಬ ಜನ ಅಂದಳು. ಇರೇ ಅಂದೆ. ಬೇಡ ಅಂದಳು.

ಮೂರನೇ ಸಲ ಕೇಳಲಿಲ್ಲ. ಮರೆತದ್ದಲ್ಲ. ಬೇಕಂತಲೇ. ನಾಲ್ಕು ತಿಂಗಳು ಅಮ್ಮನನ್ನು ಎತ್ತಿ ಇಳಿಸಿ ತೊಳೆದವಳು ನಾನು, ಇವಳು ಕೊನೆಯ ದಿನಕ್ಕೆ ಬಂದು ಅತ್ತಳಲ್ಲ ಎಂಬ ಹೊಟ್ಟೆಯುರಿ. "ಸರಿ, ಹುಷಾರು" ಅಂದುಬಿಟ್ಟೆ. ಅವಳು ಬಾಗಿಲ ಹಿಡಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು.

ಅವಳು ಹನ್ನೆರಡು ಮೈಲಿ ಹೋಗುವಷ್ಟರಲ್ಲಿ ಹಿಮ ಸುರಿದು ರಸ್ತೆ ಮುಚ್ಚಿತು. ಹೆದ್ದಾರಿ ಪಕ್ಕದ ಮೋಟೆಲ್ಲಿನಲ್ಲಿ ಎರಡು ದಿನ ಒಬ್ಬಳೇ. ನಾಣ್ಯ ಹಾಕುವ ಯಂತ್ರದ ಬಿಸ್ಕತ್ತು ತಿಂದುಕೊಂಡು. ಅಮ್ಮ ಮಣ್ಣಾದ ದಿನ. ಇಲ್ಲಿ ನಾವು ಇಪ್ಪತ್ತು ಜನ ಹ್ಯಾಮ್ ತಿನ್ನುತ್ತಿದ್ದೆವು. ಒಂದು ತಿಂಗಳ ಮೇಲೆ ಮೋಟೆಲ್ಲಿನವಳು ಅಂಗಡಿಯಲ್ಲಿ ಸಿಕ್ಕಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಆರ್ಡಿಸ್ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ 19

ಆರ್ಡಿಸ್‌ಳಿಂದ ಪೋಸ್ಟ್‌ಕಾರ್ಡು. "ಗ್ಯಾರೇಜಿನಿಂದ ಕಾಲುದಾರಿಯವರೆಗೆ ಹೊಲಿಗೆ ಟೇಪಿನಲ್ಲಿ ಅಳೆದೆ. ಮೂವತ್ತನಾಲ್ಕು ಅಡಿ. ನಿಮ್ಮ ಬಂಡಿ ಎಷ್ಟುದ್ದ? ಹಿಂದಿನ ಕೋಣೆಯ ಮಂಚಕ್ಕೆ ಹಾಸಿದ್ದೇನೆ, ಬೇಕಿದ್ದರೆ."

ಡ್ವೇನ್‌ಗೆ ಹಬ್ಬ. "ನಮ್ಮದು ಇಪ್ಪತ್ತೊಂಬತ್ತು! ಇನ್ನೂ ಐದಡಿ ಮಿಗುತ್ತೆ ಕಣೇ!"

ನಾನು ನೋಡುತ್ತಿದ್ದುದು ಕೊನೆಯ ಸಾಲನ್ನು. ಎಪ್ಪತ್ತೊಂದು ವರ್ಷದ ಹೆಂಗಸು ಮೊಣಕಾಲೂರಿ ಐದೈದಡಿ ಅಳೆದಿದ್ದಾಳೆ... ಫೋನ್ ಮಾಡಿ ಏನಂದೆ? "ಮಂಚಕ್ಕೆಲ್ಲ ಯಾಕೆ ಹಾಸೋಕೆ ಹೋದೆ, ನಮಗೆ ಬಂಡೀಲೇ ಎಲ್ಲಾ ಇದೆ" ಅಂದೆ. ಬಾಯಿ ತಾನಾಗಿ ಅಂದುಬಿಟ್ಟಿತು.

"ಹೂಂ" ಅಂದಳು. ಅಷ್ಟೇ.

ಇರಲಿ. ಇನ್ನೊಂದು ಸಲ ಕೇಳುತ್ತಾಳೆ.

ಏಪ್ರಿಲ್ 27

ಕೇಳಲಿಲ್ಲ.

ಬಂಡಿಯನ್ನು ಹಿಂದಕ್ಕೆ ನಡೆಸುವ ಅಭ್ಯಾಸ, ಚರ್ಚಿನ ಪಾರ್ಕಿಂಗಿನಲ್ಲಿ. ನಾನು ಹಿಂದೆ ನಿಂತು ಕೈ ಬೀಸಬೇಕು. ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತಾನೆ. "ನಿನ್ನ ಎಡವೋ ನನ್ನ ಎಡವೋ?" ಅಂತ ಕಿಟಕಿಯಿಂದ ಅರಚಿದ. "ದೇವರ ಎಡ ಕಣಯ್ಯಾ, ನಿಲ್ಸು!" ಅಂದೆ. ಕಸದ ಡಬ್ಬಿ ಒಂದು ನೆಗ್ಗಿತು. ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿದವನಂತೆ ಇವನು.

ಮೇ 4, ಭಾನುವಾರ

ಫೋನ್ ಇಲ್ಲ, ಕಾರ್ಡಿಲ್ಲ. ಟಪಾಲಿನವನ ಗಾಡಿ ಸದ್ದಾದರೆ ಎದ್ದು ನಿಲ್ಲುತ್ತೇನೆ. ನಾಚಿಕೆಗೇಡು. ಡ್ವೇನ್‌ಗೆ ಹೇಳಿದೆ, ಟ್ರಿಪ್ಪೂ ಬೇಡ, ಗಿಪ್ಪೂ ಬೇಡ.

"ಯಾಕಂತೆ?"

"ಮನಸಾರೆ ಕರೆದಿದ್ರೆ ಇನ್ನೊಂದು ಸಲ ಕೇಳ್ತಿರ್ಲಿಲ್ವಾ?"

ಡ್ವೇನ್ ಸಿಟ್ಟಾಗುವುದು ವರ್ಷಕ್ಕೊಂದು ಸಲ. ಇವತ್ತು ಆಯಿತು. ಫೋರ್ಕು ಕೆಳಗಿಟ್ಟ. "ಅವತ್ತು ಅವಳು ಕೋಟು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಈಗ ನೀನು ನಿಂತಿದೀಯ. ಫೋನ್ ತಗೊಂಡು ಒಳಗೇ ಮಲಗ್ತೀನಿ ಅನ್ನು, ಮುಗೀತು."

"ಹಾಗೆಲ್ಲ ಯಾರಾದ್ರೂ ಬಾಯ್ಬಿಟ್ಟು ಕೇಳ್ತಾರಾ?"

"ಹಂಗಾದ್ರೆ ಇಬ್ರೂ ಸಾಯೋವರೆಗೂ ಕೋಟು ಹಾಕ್ಕೊಂಡೇ ಇರಿ."

ಎದ್ದು ಗ್ಯಾರೇಜಿಗೆ ಹೋದ. ಆಲೂಗಡ್ಡೆ ಹಾಗೇ ಬಿಟ್ಟು. ನಾನು ಅತ್ತೆ. ಅವನು ಹೇಳಿದ್ದು ನಿಜ. ನಮ್ಮದೇ ಹಾಸಿಗೆ ಹೊತ್ತುಕೊಂಡು ನಿನ್ನ ಬಾಗಿಲಿಗೆ ಬರುತ್ತೇವೆ, ನಿನ್ನದೇನೂ ಬೇಡ ಅಂತ ಎರಡು ಸಲ ಹೇಳಿದ್ದೇನೆ. ಮೂರನೇ ಸಲ ಕೇಳುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಅವಳಿಗೆ ಗೊತ್ತಿರುವುದು ನಾನು ಕೇಳದೆ ಬಿಟ್ಟದ್ದು.

ಮೇ 8

ನಾಳೆ ಹೊರಡುವುದು ಅಂತಲೇ ಆಯಿತು. ಹುಳಿ ರೂಬಾರ್ಬ್ ದಂಟು ಹಾಕಿ ಸಿಹಿ ಬಾರ್ ಎರಡು ಟ್ರೇ ಬೇಯಿಸಿದೆ. ಡ್ವೇನ್‌ನ ಪಟ್ಟಿಯಲ್ಲಿ ಅರವತ್ತೆರಡು ಐಟಂ. ಟೈರಿನ ಗಾಳಿ, ಗ್ಯಾಸು, ನೀರಿನ ಪೈಪು ಅವನದು. ಒಳಗಿನದೆಲ್ಲ ನನ್ನದು. ತಟ್ಟೆ — ಟಿಕ್. ಕಾಫಿ ಪುಡಿ — ಟಿಕ್. ಮಾತ್ರೆ ಡಬ್ಬಿ — ಟಿಕ್.

ನಲವತ್ತೊಂದನೆಯದು ಹಾಸಿಗೆ ಬಟ್ಟೆ, ಹೊದಿಕೆ, ದಿಂಬು. ಬೆಳಿಗ್ಗೆಯೇ ಒಗೆದು ಬಂಡಿಯ ಮಂಚಕ್ಕೆ ಹಾಸಿ ಆಗಿತ್ತು. ಸ್ವಲ್ಪ ಹೊತ್ತು ಅಲ್ಲೇ ಕುಳಿತೆ. ಆಮೇಲೆ ಎಲ್ಲ ಕಿತ್ತೆ. ಮಡಿಸಿದೆ. ಮನೆಯೊಳಗೆ ತಂದು ಡ್ರೈಯರ್ ಮೇಲೆ ಇಟ್ಟೆ. ದಿಂಬು ಸಮೇತ.

ಪಟ್ಟಿಯಲ್ಲಿ ಟಿಕ್ ಹಾಕಿದೆ.

ಮೇ 9, ಶುಕ್ರವಾರ. ಬೆಳಿಗ್ಗೆ 6

ಹೊರಡುತ್ತಿದ್ದೇವೆ. ಡ್ವೇನ್ ಪಟ್ಟಿ ಓದಿ, "ಭೇಷ್! ಒಂದೂ ಬಿಟ್ಟಿಲ್ಲ" ಅಂದ. ನಾನು ಕಿಟಕಿ ಕಡೆ ತಿರುಗಿ ಕುಳಿತೆ.

ಮೇ 9. ಸಂಜೆ 4:30

ಬಂಡಿಯ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಹೊರಗೆ ಸೀಡರ್ ರ‍್ಯಾಪಿಡ್ಸ್. ಗಾಳಿಯಲ್ಲಿ ಇಲ್ಲಿನ ಕಾರ್ಖಾನೆಯ ಓಟ್ಸ್ ಬೇಯುವ ವಾಸನೆ, ಹಳೆಯದೇ.

ಆರ್ಡಿಸ್ ರಸ್ತೆಗೇ ಬಂದು ನಿಂತಿದ್ದಳು. ಸಣ್ಣಗಾಗಿದ್ದಾಳೆ. ನಾನು ಕೈ ಬೀಸುವ ಮುಂಚೆ ಅವಳೇ ಬೀಸಿದಳು — ಎಡಕ್ಕೆ, ಇನ್ನೂ ಎಡಕ್ಕೆ, ಸಾಕು. ಡ್ವೇನ್ ಒಂದೇ ಸಲಕ್ಕೆ ನಿಲ್ಲಿಸಿದ. ಅವಳ ಎಡ ಮಾತ್ರ ಅವನಿಗೆ ಅರ್ಥವಾಗುತ್ತದೆ!

ಅಪ್ಪಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅದು ಅಭ್ಯಾಸವಿಲ್ಲ. ಟ್ರೇ ಕೊಟ್ಟೆ. "ಇದೆಲ್ಲ ಯಾಕೆ ಮಾಡೋಕೆ ಹೋದೆ" ಅಂದಳು. ಬಂಡಿ ನೋಡುತ್ತೇನೆ ಅಂತ ಒಳಗೆ ಹತ್ತಿದಳು. ಒಲೆ ನೋಡಿದಳು, ಕಕ್ಕಸು ನೋಡಿದಳು, ಹಿಂದೆ ಹೋದಳು. ಬರಿ ಮಂಚದ ಮುಂದೆ ನಿಂತಳು.

"ಹಾಸಿಗೆ ಬಟ್ಟೆ ಎಲ್ಲೇ?"

"ಮರೆತುಬಂದೆ."

"ಟಿಕ್ ಹಾಕಿದೀಯಲ್ಲೇ ಪಟ್ಟೀಲಿ!" ಅಂದ ಡ್ವೇನ್ ಬಾಗಿಲಿನಿಂದ. ನನ್ನ ಮುಖ ನೋಡಿದ. ನೀರಿನ ಪೈಪು ಹುಡುಕುತ್ತ ಹೊರಟುಹೋದ.

"ದಿಂಬೂ ಮರೆತ್ಯಾ?"

"ಹೂಂ."

ಆರ್ಡಿಸ್ ನನ್ನನ್ನೇ ನೋಡಿದಳು. "ನಾಲ್ಕು ತಿಂಗಳು ಅಮ್ಮನ ಒಂದು ಮಾತ್ರೇನೂ ಮರೀಲಿಲ್ಲ ನೀನು" ಅಂದಳು.

ಈ ಮಾತನ್ನು ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೇಗೋ ಹೇಳಿದೆ — "ಅವತ್ತು ನಾನು ಇನ್ನೊಂದು ಸಲ ಕೇಳ್ಬೇಕಾಗಿತ್ತು."

"ಕೇಳ್ಬೇಕಾಗಿತ್ತು" ಅಂದಳು. ಮಂಚದ ಅಂಚನ್ನು ಸುಮ್ಮನೆ ಸವರಿದಳು. "ಹೀಗೆ ಬರೀ ಮಂಚದ ಮೇಲೆ ಮಲಗೋಕಾಗುತ್ತಾ. ಒಳಗೆ ಬಾ, ವಾನಿ."

ಅಮ್ಮ ಹೋದಮೇಲೆ ನನ್ನನ್ನು ವಾನಿ ಅಂತ ಯಾರೂ ಕರೆದಿಲ್ಲ. ಡ್ವೇನ್ ಕೂಡ ಲವಾನ್ ಅನ್ನುತ್ತಾನೆ. ಬೇಡ ಎಂಬ ಮಾತು ಆಗಲೂ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಸರಿ ಅಂದೆ.

ಈಗ ನೈಟಿ, ಮಾತ್ರೆ, ಈ ಪುಸ್ತಕ ತೆಗೆದುಕೊಳ್ಳಲು ಬಂಡಿಗೆ ಬಂದೆ. ಹಿಂದಿನ ಕೋಣೆ ನೋಡಿಬಂದೆ. ಮನೆಯೆಲ್ಲ ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ, ಆ ಕೋಣೆಯಲ್ಲಿ ಮಾತ್ರ ಒಂದೂ ಪೆಟ್ಟಿಗೆ ಇಲ್ಲ. ನಾನು ಬೇಡ ಅಂದಮೇಲೂ ಮಂಚದ ಹಾಸಿಗೆ ತೆಗೆದಿಲ್ಲ.

ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದಾಳೆ, ಕಾಫಿ ಬೇಕಾ ಅಂತ. ಮೊದಲನೇ ಸಲ. ಬೇಕು ಅಂತ ಇಲ್ಲಿಂದಲೇ ಕೂಗಿದೆ, ಪೂರ್ತಿ ಕಪ್ ಹಾಕು ಅಂತ. ಉಳಿದದ್ದು ಕಾಫಿ ಕುಡಿದಮೇಲೆ.