ಅತ್ತಿಗೆ ಅವತ್ತು ಹೇಳದೇ ಹೋದದ್ದು

ಕಿಟ್ಟಿ,

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀಯ, ಎಬ್ಬಿಸಲಿಲ್ಲ. ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹನ್ನೊಂದಕ್ಕೆ ಅಮ್ಮನಿಗೆ ಮಾತ್ರೆ ಕೊಡು. ಪೇಪರು ಓದುತ್ತಾ ಮರೆತುಬಿಡಬೇಡ.

ನಾನು ನವರಂಗ್ ಸ್ಟಾಪಿನಲ್ಲಿ ಬಸ್ಸು ಹಿಡಿದು ಕಣ್ಣಾಸ್ಪತ್ರೆಗೆ ಹೋಗುತ್ತಿದ್ದೇನೆ. ನನಗೇನೂ ಆಗಿಲ್ಲ. ಸತ್ತ ಮೇಲೆ ನನ್ನ ಕಣ್ಣು ತೆಗೆದುಕೊಳ್ಳಿ ಎಂದು ಬರೆದುಕೊಟ್ಟು ಬರುತ್ತೇನೆ.

ನಿಮ್ಮಣ್ಣ ಊಟಕ್ಕೆ ಕೂತಾಗೆಲ್ಲ ವಾದ ಮಾಡುತ್ತಿದ್ದರಲ್ಲ, "ಬೇಡ ಅನ್ನೋರು ಬರ್ದುಕೊಡ್ಲಿ. ಸುಮ್ನಿದ್ದೋರ ಕಣ್ಣು ತಗೊಳ್ಳೋ ಹಾಗೆ ಕಾನೂನು ಬರ್ಬೇಕು" ಅಂತ. ಹಾಗನ್ನುತ್ತಲೇ ತಾವು ಒಂದು ಕಾಗದಕ್ಕೂ ರುಜು ಹಾಕದೆ ಹೊರಟುಹೋದರು. ಅವತ್ತು ಅವರ ಕಣ್ಣು ತೆಗೆದುಕೊಳ್ಳಲು ಡಾಕ್ಟರು ಮನೆಗೆ ಬಂದಾಗ ನೀನು ಬಾಗಿಲಲ್ಲೇ ನಿಂತು, "ಅತ್ತಿಗೆ ಏನೂ ಹೇಳಿಲ್ಲ ಸಾರ್, ಅವ್ರಿಗೆ ಇಷ್ಟ ಇಲ್ಲ" ಎಂದು ಕಳಿಸಿಬಿಟ್ಟೆ.

ಡಾಕ್ಟರಿಗೆ ಹೇಳಿಕಳಿಸಿದ್ದವಳು ನಾನೇ ಕಣೋ. ಒಳಗೆ ಅಮ್ಮ ನನ್ನ ಕೈ ಹಿಡಿದುಕೊಂಡು, "ಕಣ್ಣಿಲ್ದೆ ನನ್ನ ಮಗ ದಾರಿ ಹೇಗೆ ನೋಡ್ತಾನೆ" ಎಂದು ಅಳುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಎಂಟು ತಿಂಗಳಿಂದ ಇದನ್ನು ಒಬ್ಬಳೇ ನುಂಗಿಕೊಂಡಿದ್ದೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಸುಮ್ಮನಿದ್ದರೆ ಒಪ್ಪಿಗೆ ಎನ್ನುತ್ತಿದ್ದರು ನಿಮ್ಮಣ್ಣ. ಇಷ್ಟವಿಲ್ಲ ಎಂದುಕೊಂಡೆ ನೀನು. ಸುಮ್ಮನಿದ್ದವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಮನೆಯವರೊಬ್ಬರು ಒಪ್ಪಿ ರುಜು ಹಾಕಬೇಕಂತೆ. ಮೊದಲೇ ತಂದಿಟ್ಟ ಆ ಹಾಳೆ ರೇಡಿಯೋ ಕೆಳಗಿದೆ, ಆಮೇಲೆ ಕೊಟ್ಟರೂ ನಡೆಯುತ್ತದಂತೆ. ಅಮ್ಮನಿಗೆ ತೋರಿಸಬೇಡ. ಅವರನ್ನು ಬಿಟ್ಟರೆ ನನಗೆ ಮನೆಯವರು ಅಂತ ಇರುವವನು ನೀನೊಬ್ಬನೇ. ಮನಸ್ಸಿದ್ದರೆ ರುಜು ಹಾಕು. ಇಲ್ಲದಿದ್ದರೆ ಸಂಜೆ ನನ್ನ ಎದುರಿಗೆ ಕೂತು ಆಗೋದಿಲ್ಲ ಎಂದು ಹೇಳು, ಕೇಳಿಸಿಕೊಳ್ಳುತ್ತೇನೆ.

ಅಂಬುಜಾ